ಮೊದಲು ಬಿಡುವವರು ಯಾರು

"ಮೊದಲು ನಿಮ್ಮ ಮಗನ್ನ ಬಿಡಿ ಸಿಸ್ಟರ್, ಆಮೇಲೆ ನನ್ನವನನ್ನ ಬಿಡ್ತೀನಿ."

"ಅಯ್ಯೋ, ನಿನ್ನೆ ನಾನೇ ಅಲ್ವಾ ಮೊದಲು ಬಿಟ್ಟಿದ್ದು? ದಿನಾ ನಾನೇ ಕಲ್ಲೆದೆಯವಳು ಅನ್ನಿಸ್ಕೋಬೇಕಾ? ಇವತ್ತು ನಿಮ್ಮ ಸರದಿ ಅಣ್ಣ."

"ಸರದಿ ಗಿರದಿ ಎಲ್ಲಾ ಬೇಡಿ. ಒಂಟಿ ಮಗೂನ ಬೀದೀಲಿ ಬಿಟ್ಟು ಹೋಗೋಕೆ ನನ್ನ ಮನಸ್ಸು ಒಪ್ಪಲ್ಲ. ಅಲ್ಲಿ ನನ್ನ ಬ್ರೆಡ್ಡು ಸುಟ್ಟು ಕರಕಲಾಗ್ತಿದೆ, ಆದ್ರೂ ಒಪ್ಪಲ್ಲ ನೋಡಿ!"

"ಇಬ್ಬರಿದ್ರೆ ಒಪ್ಪುತ್ತಾ?"

"ಇಬ್ಬರಿದ್ರೆ ಅದು ಬೇರೆ ಮಾತು. ಜೊತೆಗೆ ಒಬ್ಬ ಇರ್ತಾನಲ್ಲ!"

ಶಾಲೆಯ ಗೋಡೆಯಾಚೆ ಬೇಕರಿಯವನೂ ಆಸ್ಪತ್ರೆಯ ನರ್ಸಮ್ಮನೂ ಹೀಗೆ ಚೌಕಾಸಿ ನಡೆಸಿದ್ದಾಗ, ಗೋಡೆಯೀಚೆ, ದೀಪ ಹಾಕದ ಆಫೀಸಿನಲ್ಲಿ, ಕಿಟಕಿಯ ಪರದೆ ಇಳಿಬಿಟ್ಟುಕೊಂಡು, ಎರಡು ಕಾಲನ್ನೂ ಎದುರಿನ ಕುರ್ಚಿಯ ಮೇಲೆ ಚಾಚಿಕೊಂಡು ಹೆಡ್ ಮೇಡಂ ಟೀ ಕುಡಿಯುತ್ತಿದ್ದರು. ಕುಡಿಯುತ್ತಿದ್ದರು ಎನ್ನುವುದಕ್ಕಿಂತ ಶಬ್ದವಾಗದ ಹಾಗೆ ನುಂಗುತ್ತಿದ್ದರು ಎನ್ನಬೇಕು. ಶಾಲೆಯ ಮುಖ್ಯೋಪಾಧ್ಯಾಯಿನಿ ತನ್ನದೇ ಶಾಲೆಯಲ್ಲಿ ಕಳ್ಳರಂತೆ ಟೀ ಕುಡಿಯುವುದೆಂದರೆ ಅದಕ್ಕೊಂದು ಕಥೆ ಇರಲೇಬೇಕಲ್ಲ.

ಆ ಬೀದಿಯಲ್ಲಿ ಯಾರೂ ಬರೆದಿಡದ, ಎಲ್ಲರೂ ಚಾಚೂ ತಪ್ಪದೆ ಪಾಲಿಸುವ ಒಂದು ನಿಯಮವಿತ್ತು. ಬೆಳಗಿನ ಬೆಲ್ಲಿಗೆ ಇನ್ನೂ ಬಹಳ ಹೊತ್ತಿರುವಾಗ, ಗೇಟಿಗೆ ಬೀಗವಿರುವಾಗ, ಒಂಟಿ ಮಗುವನ್ನು ಅಲ್ಲಿ ಬಿಟ್ಟು ಹೋಗುವುದು ಮಹಾಪಾಪ. ಆದರೆ ಅಲ್ಲಿ ಆಗಲೇ ಒಂದು ಮಗು ನಿಂತಿದ್ದರೆ ಎರಡನೆಯದನ್ನು ಬಿಡುವುದು ಪಾಪವಲ್ಲ. ಅದು ಆ ಮೊದಲ ಮಗುವಿಗೆ ಮಾಡುವ ಉಪಕಾರ. ಹಾಗಾಗಿ ಬೆಳಗಾಗುವಷ್ಟರಲ್ಲಿ ಮೂಲೆಯ ಔಷಧದಂಗಡಿಯ ಮುಚ್ಚಿದ ಷಟರ್ ಪಕ್ಕದಲ್ಲಿ ತಂದೆ ತಾಯಂದಿರು ತಂತಮ್ಮ ಮಕ್ಕಳ ಕೈ ಹಿಡಿದುಕೊಂಡು, ಗಡಿಯಾರ ನೋಡಿಕೊಂಡು, ಒಬ್ಬರ ಮುಖ ಇನ್ನೊಬ್ಬರು ನೋಡದೆ ನಿಂತಿರುತ್ತಿದ್ದರು. ಮೊದಲು ಯಾರಾದರೂ ಎದೆ ಗಟ್ಟಿ ಮಾಡಲಿ ಎಂದು ಎಲ್ಲರೂ ಕಾಯುತ್ತಿದ್ದರು. ಇಬ್ಬರು ಸೇರಿ ಒಟ್ಟಿಗೆ ಬಿಟ್ಟರೆ ಆಗದೇ ಎಂದು ನೀವು ಕೇಳಬಹುದು. ಹೆಡ್ ಮೇಡಂಗೂ ಹಾಗೇ ಅನ್ನಿಸಿತ್ತು. ಆದರೆ ಒಟ್ಟಿಗೆ ಬಿಟ್ಟರೆ ಇಬ್ಬರೂ ಮೊದಲಿಗರಾಗಿಬಿಡುತ್ತಾರೆ. ಆಗ ಪಾಪ ಎರಡಾಯಿತು.

ಹೆಚ್ಚಿನ ದಿನಗಳಲ್ಲಿ ಸೋಲುತ್ತಿದ್ದವನು ಟ್ಯಾಕ್ಸಿಯವನು. ಅವನ ಗಿರಾಕಿಗಳು ಬೆಳಗಿನ ರೈಲಿನಿಂದ ಇಳಿಯುವವರು. ರೈಲು ಯಾರ ಮನಸ್ಸಾಕ್ಷಿಗೂ ಕಾಯುವುದಿಲ್ಲ. ಅವನು ಟ್ಯಾಕ್ಸಿಯಿಂದ ಮಗಳನ್ನು ಇಳಿಸಿ, ಜಡೆ ಸರಿಮಾಡಿ, "ಗುಬ್ಬೀ, ಎಲ್ಲೂ ಹೋಗ್ಬೇಡ, ಇನ್ನೇನು ಎಲ್ಲಾ ಬಂದ್ಬಿಡ್ತಾರೆ" ಎಂದು ಹೇಳಿ, ಹಿಂದೆ ನೋಡಿದರೆ ಕಾಲು ಬರುವುದಿಲ್ಲವೆಂದು ಕನ್ನಡಿಯನ್ನೂ ನೋಡದೆ ಗಾಡಿ ಬಿಡುತ್ತಿದ್ದ. ಗುಬ್ಬಿ ಗೇಟಿನ ಮುಂದೆ ನಿಂತಳೋ ಇಲ್ಲವೋ, ಔಷಧದಂಗಡಿಯ ಮೂಲೆಯಿಂದ ಉಳಿದವರೆಲ್ಲ ಅಣೆಕಟ್ಟು ಒಡೆದ ಹಾಗೆ ನುಗ್ಗುತ್ತಿದ್ದರು. "ನೋಡು ಪುಟ್ಟಾ, ಗುಬ್ಬಿ ಆಗಲೇ ಬಂದಿದ್ದಾಳೆ!" ಎಂದು ಮಕ್ಕಳನ್ನು ಇಳಿಸಿ ಕ್ಷಣದಲ್ಲಿ ಮಾಯ.

ಇನ್ನು ಒಳಗೆ ಕೂತವರ ಕಥೆ. ಹೆಡ್ ಮೇಡಂ ಅಷ್ಟು ಬೇಗ ಬರುತ್ತಿದ್ದದ್ದು ಶಾಲೆಯ ಮೇಲಿನ ಪ್ರೀತಿಯಿಂದಲ್ಲ, ಮನೆಯಿಂದ ತಪ್ಪಿಸಿಕೊಳ್ಳಲಿಕ್ಕೆ. ಮನೆಯಲ್ಲಿ ಅತ್ತೆ ಬೆಳಕು ಹರಿಯುವ ಮೊದಲೇ ರೇಡಿಯೋ ಹಚ್ಚಿ, ಅದಕ್ಕಿಂತ ಜೋರಾಗಿ ತಾವೂ ಮಾತಾಡುತ್ತಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಗಂಡ ಪೇಪರ್ ಹಿಡಿದುಕೊಂಡು ಕೋಣೆಯಿಂದ ಕೋಣೆಗೆ ಹೆಂಡತಿಯ ಹಿಂದೆಯೇ ಬಂದು ಸುದ್ದಿ ಓದಿ ಹೇಳುತ್ತಿದ್ದರು. ನಡುನಡುವೆ "ಸಕ್ಕರೆ ಡಬ್ಬಿ ಎಲ್ಲಿಟ್ಟಿದ್ದೀಯೇ?" ಎಂದು ಕೇಳುತ್ತಿದ್ದರು. ಮದುವೆಯಾದಾಗಿನಿಂದ ಆ ಡಬ್ಬಿ ಇದ್ದ ಜಾಗದಲ್ಲೇ ಇತ್ತು. ಶಾಲೆಗೆ ಬಂದರೆ ಬೆಲ್ಲು ಹೊಡೆದ ಗಳಿಗೆಯಿಂದ ಸಂಜೆಯವರೆಗೆ ಮೇಡಂ, ಮೇಡಂ, ಮೇಡಂ. ಯಾರಿಗೂ ಸೊಸೆಯಲ್ಲದೆ, ಹೆಂಡತಿಯಲ್ಲದೆ, ಮೇಡಂ ಅಲ್ಲದೆ ಅವರು ಬರೀ ಒಬ್ಬ ಹೆಂಗಸಾಗಿ ಕೂರುತ್ತಿದ್ದದ್ದು ಬೆಲ್ಲಿಗೆ ಮುಂಚಿನ ಆ ಒಂದು ಗಂಟೆ ಮಾತ್ರ. ಒಂದು ಫ್ಲಾಸ್ಕ್ ಟೀ, ಒಂದು ಪತ್ತೇದಾರಿ ಕಾದಂಬರಿ, ಮನೆಯಲ್ಲಿ ಹಾಕುವ ಹವಾಯಿ ಚಪ್ಪಲಿ. ಆ ಗಂಟೆಯನ್ನು ಕಿತ್ತುಕೊಂಡರೆ ತನಗೆ ಹುಚ್ಚು ಹಿಡಿಯುತ್ತದೆ ಎನ್ನುವುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ.

ಅದಕ್ಕೇ ಇಷ್ಟೆಲ್ಲ ಗುಟ್ಟು. ಸ್ಕೂಟರನ್ನು ಹಿಂದಿನ ಓಣಿಯಲ್ಲಿ ನಿಲ್ಲಿಸುವುದು, ನೀರಿನ ಟ್ಯಾಂಕಿನ ಪಕ್ಕದ ಹಿಂಬಾಗಿಲಿನಿಂದ ನುಸುಳುವುದು, ಕಿಟಕಿಯ ಮುಂದೆ ಹಾಯಬೇಕಾದರೆ ಐವತ್ತು ದಾಟಿದ ಮಂಡಿಗಳನ್ನು ಬೈದುಕೊಳ್ಳುತ್ತ ಬಗ್ಗಿ ನಡೆಯುವುದು. ಒಳಗೊಬ್ಬರು ದೊಡ್ಡವರಿದ್ದಾರೆಂದು ಹೊರಗೆ ಗೊತ್ತಾದರೆ ಮುಗಿಯಿತು, ಇದ್ದವರೇ ಹೊಣೆ. ಮಕ್ಕಳಷ್ಟೂ ಅವರ ತಲೆಗೆ.

ಹಾಗೆಂದು ಹೆಡ್ ಮೇಡಂ ಸುಮ್ಮನೆ ಕೂತವರಲ್ಲ. ಸುತ್ತೋಲೆ ಹೊರಡಿಸಿದ್ದರು. ಒಂದಲ್ಲ, ಮೂರು. "ಬೆಲ್ಲಿಗೆ ಮುಂಚೆ ಶಾಲೆಯ ಆವರಣದಲ್ಲಿ ಯಾವ ಹಿರಿಯರೂ ಇರುವುದಿಲ್ಲವಾದ್ದರಿಂದ ಪೋಷಕರು ಮಕ್ಕಳನ್ನು ಬೇಗ ತಂದು ಬಿಡಬಾರದು" ಎಂದು ಬರೆದು, 'ಯಾವ' ಎಂಬುದರ ಕೆಳಗೆ ಗೆರೆ ಎಳೆದಿದ್ದರು. ಬರೆದದ್ದು ಅದೇ ಆವರಣದಲ್ಲಿ, ಬೆಲ್ಲಿಗೆ ಮುಂಚೆ, ಕಿಟಕಿಯಾಚೆ ಮಕ್ಕಳು ಕುಂಟಾಬಿಲ್ಲೆ ಆಡುತ್ತಿದ್ದಾಗ. ಗಲಾಟೆ ಜಾಸ್ತಿಯಾಗಿ ವಾಕ್ಯ ಓಡದಿದ್ದಾಗ ಅವರಿಗೆ ಕೋಪವೂ ಬಂದಿತ್ತು.

ಪೋಷಕರ ಸಭೆಯಲ್ಲಂತೂ ಅವರು ಗುಡುಗಿಬಿಟ್ಟರು.

"ಮಕ್ಕಳನ್ನ ಹೆತ್ತರೆ ಸಾಕಾ? ಯಾರೂ ಇಲ್ಲದ ಕಡೆ ಬಿಟ್ಟು ಹೋಗ್ತೀರಲ್ಲ, ಏನಾದ್ರೂ ಆದ್ರೆ?"

"ನಾನು ಯಾವತ್ತೂ ಯಾರೂ ಇಲ್ಲದಾಗ ಬಿಟ್ಟಿಲ್ಲ ಮೇಡಂ," ಎಂದ ಬೇಕರಿಯವನು. "ಗುಬ್ಬಿ ಇದ್ದಾಗಲೇ ಬಿಡೋದು."

"ಗುಬ್ಬಿ ಮೂರನೇ ಕ್ಲಾಸು ರೀ!"

"ಜವಾಬ್ದಾರಿ ಹುಡುಗಿ ಮೇಡಂ."

ಎಲ್ಲರೂ ತಲೆಯಾಡಿಸಿದರು. ಗುಬ್ಬಿಯ ಅಪ್ಪನಿಗೆ ಹೆಮ್ಮೆ ಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಅವನು ತಲೆ ಕೆರೆದುಕೊಂಡು ಎದ್ದು ನಿಂತ. "ಅದಲ್ಲ ಮೇಡಂ, ನನ್ನ ಮಗಳು ಹೇಳ್ತಾಳೆ, ಬೆಳಿಗ್ಗೆ ನಿಮ್ಮ ಆಫೀಸೊಳಗಿಂದ ಯಾರೋ ಸೀನ್ತಾರಂತೆ."

ಹೆಡ್ ಮೇಡಂಗೆ ತಟ್ಟನೆ ಹೊಳೆಯಿತು. ಪರದೆಯ ಧೂಳು! ತೊಳೆಸಬೇಕು ತೊಳೆಸಬೇಕು ಅಂದುಕೊಂಡೇ ವರ್ಷವಾಗಿತ್ತು.

"ಬೆಕ್ಕಿರ್ಬೇಕು," ಎಂದರು.

"ಬೆಕ್ಕು ಸೀನಿ 'ಅಮ್ಮಾ' ಅನ್ನುತ್ತಾ ಮೇಡಂ?"

ಸಭೆ ನಕ್ಕಿತು. ಹೆಡ್ ಮೇಡಂ ಎಲ್ಲರಿಗಿಂತ ಜೋರಾಗಿ ನಕ್ಕು ಮುಂದಿನ ವಿಷಯಕ್ಕೆ ಹೋದರು.

ಮಕ್ಕಳಿಗೆ ಮಾತ್ರ ಅದು ಬೆಕ್ಕಲ್ಲ ಎಂದು ಖಾತ್ರಿಯಾಗಿತ್ತು. ಅದು ದೆವ್ವ. ಸೀನುವ ದೆವ್ವ. ವಿಚಿತ್ರವೆಂದರೆ ಆ ದೆವ್ವಕ್ಕೆ ಯಾರೂ ಹೆದರುತ್ತಿರಲಿಲ್ಲ. ಬೀದಿನಾಯಿ ಬಂದರೆ, "ಒಳಗೆ ದೆವ್ವ ಇದೆ ಗೊತ್ತಾ?" ಎಂದು ನಾಯಿಯನ್ನೇ ಹೆದರಿಸುತ್ತಿದ್ದರು. ಗುಬ್ಬಿಯಂತೂ ಅಪ್ಪನ ಟ್ಯಾಕ್ಸಿ ಮರೆಯಾದೊಡನೆ ಗೇಟಿನ ಕಂಬಿ ಹಿಡಿದು, ಕಿಟಕಿಯ ಕಡೆ ಮುಖ ಮಾಡಿ ಕೇಳುತ್ತಿದ್ದಳು:

"ದೆವ್ವಾ, ಇದ್ದೀಯಾ? ಇನ್ನೂ ಯಾರೂ ಬಂದಿಲ್ಲ. ನೀನು ಹೋಗ್ಬೇಡ ಮತ್ತೆ."

ಇದನ್ನು ಮೊದಲ ಸಲ ಕೇಳಿದ ದಿನ ಹೆಡ್ ಮೇಡಂ ಬಹಳ ಹೊತ್ತು ಪುಟ ತಿರುಗಿಸಲಿಲ್ಲ. ಎದ್ದು ಹೋಗಿ ಬೀಗ ತೆಗೆಯುವುದೇ ಸರಿ ಅನ್ನಿಸಿತು. ಹಾಗೇ, ತೆಗೆದರೆ ನಾಳೆಯಿಂದ ಈ ಕುರ್ಚಿ, ಈ ಟೀ, ಈ ಪುಸ್ತಕ ಎಲ್ಲಕ್ಕೂ ತಿಲಾಂಜಲಿ ಅಂತಲೂ ಅನ್ನಿಸಿತು. ಕೊನೆಗೆ ಎರಡಕ್ಕೂ ನಡುವಿನ ಒಂದು ದಾರಿ ಕಂಡುಕೊಂಡರು. ಚಮಚದಿಂದ ಫ್ಲಾಸ್ಕಿಗೆ ಟಣ್ ಎಂದು ಒಂದು ಸಲ ಬಾರಿಸಿದರು. ಹೊರಗೆ ಗುಬ್ಬಿ, "ಹಾಂ, ಸರಿ" ಎಂದು ಚೀಲ ಕೆಳಗಿಟ್ಟು ಕಟ್ಟೆಯ ಮೇಲೆ ಕೂತಳು. ಅಂದಿನಿಂದ ದಿನಾ ಒಂದು ಟಣ್. ಅಷ್ಟು ಮಾಡಿ ಹೆಡ್ ಮೇಡಂ ತಮ್ಮ ಕರ್ತವ್ಯ ಮುಗಿಯಿತೆಂದು ಕಾದಂಬರಿಗೆ ಮರಳುತ್ತಿದ್ದರು. ಮನಸ್ಸಾಕ್ಷಿಯನ್ನು ಇಷ್ಟು ಅಗ್ಗದಲ್ಲಿ ಮಲಗಿಸಿದವರು ಆ ಬೀದಿಯಲ್ಲೇ ಇನ್ನೊಬ್ಬರಿರಲಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿದ್ದದ್ದು ಕೆಟ್ಟದ್ದು ಒಂದು ಸೋಮವಾರ. ಕಾದಂಬರಿ ಕೊನೆಯ ಅಧ್ಯಾಯಕ್ಕೆ ಬಂದಿತ್ತು. ಪತ್ತೇದಾರ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ, ಬಾಗಿಲು ಹಾಕಿ, "ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ" ಎಂದಿದ್ದ. ಹೊರಗೆ ಗುಬ್ಬಿ "ದೆವ್ವಾ, ಇದ್ದೀಯಾ?" ಎಂದು ಕೇಳಿದ್ದು ಹೆಡ್ ಮೇಡಂ ಕಿವಿಗೆ ಬಿತ್ತು, ಆದರೆ ತಲೆಗೆ ಹೋಗಲಿಲ್ಲ. ಚಮಚ ಬಟ್ಟಲಿನಲ್ಲೇ ಉಳಿಯಿತು.

ಗುಬ್ಬಿ ಮತ್ತೆ ಕೇಳಿದಳು. ಟಣ್ ಇಲ್ಲ. ದೆವ್ವಕ್ಕೆ ಮೈ ಹುಷಾರಿಲ್ಲವೋ ಏನೋ ಎಂದು ನೋಡಲು ಕಂಬಿಗಳ ನಡುವೆ ತಲೆ ತೂರಿಸಿದಳು. ತಲೆ ಸಲೀಸಾಗಿ ಒಳಗೆ ಹೋಯಿತು. ಹೊರಗೆ ಬರಲಿಲ್ಲ.

ಅವಳು ಕಿರುಚಲಿಲ್ಲ. ಕಿರುಚಿದರೆ ಎಲ್ಲರೂ ಬಂದು ನಗುತ್ತಾರೆ, ಅಪ್ಪನಿಗೆ ಗೊತ್ತಾದರೆ ಅವನು ಅಳುತ್ತಾನೆ. ಬಗ್ಗಿಕೊಂಡು, ಎರಡು ಕೈಯಲ್ಲೂ ಕಂಬಿ ಹಿಡಿದು, ಬೇಕೆಂದೇ ಹಾಗೆ ನಿಂತವಳಂತೆ ನಿಂತಳು. ಔಷಧದಂಗಡಿಯ ಮೂಲೆಯಿಂದ ನೋಡುವವರಿಗೆ ಕಂಡದ್ದು ಇಷ್ಟೇ: ಗುಬ್ಬಿ ಬಂದಿದ್ದಾಳೆ. ಸಾಕಲ್ಲ! ನರ್ಸಮ್ಮ ಮಗನನ್ನು ಬಿಟ್ಟು ಓಡಿದಳು. ಬೇಕರಿಯವನು ಮಗನನ್ನು ಬಿಟ್ಟು, "ನೋಡೋ, ಗುಬ್ಬಿ ಎಷ್ಟು ಶ್ರದ್ಧೆಯಿಂದ ಸ್ಕೂಲನ್ನೇ ನೋಡ್ತಾ ನಿಂತಿದ್ದಾಳೆ, ನೀನೂ ಇದ್ದೀಯ" ಎಂದು ತಲೆಗೊಂದು ಮೊಟಕಿ ಹೋದ. ಮತ್ತೊಂದು ಕಾರು, ಮತ್ತೊಂದು ಬೈಕು. ಒಬ್ಬರಾದ ಮೇಲೊಬ್ಬರು ಆ ಸಿಕ್ಕಿಬಿದ್ದ ಮಗುವಿನ ಭರವಸೆಯ ಮೇಲೆ ತಮ್ಮ ಮಕ್ಕಳನ್ನು ಇಳಿಸಿ ನಿಶ್ಚಿಂತೆಯಿಂದ ಹೊರಟುಹೋದರು.

ಕೊನೆಗೆ ಬೇಕರಿಯವನ ಮಗ ಹತ್ತಿರ ಹೋಗಿ ನೋಡಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ: "ದೆವ್ವಾ! ಗುಬ್ಬಿ ತಲೆ ಸಿಕ್ಕಿಹಾಕ್ಕೊಂಡಿದೆ, ಬಾ!"

ಅವನು ಕರೆದದ್ದು 'ಅಮ್ಮಾ' ಅಂತ ಅಲ್ಲ, 'ಅಪ್ಪಾ' ಅಂತ ಅಲ್ಲ, 'ಮಿಸ್' ಅಂತಂತೂ ಅಲ್ಲವೇ ಅಲ್ಲ. ಹೆಡ್ ಮೇಡಂ ಪರದೆ ಸರಿಸಿ ನೋಡಿದರು. ಕಂಬಿಗಳ ನಡುವೆ ಕೆಂಪಗಾದ ಒಂದು ಪುಟ್ಟ ಮುಖ ಸೀದಾ ಅವರನ್ನೇ ನೋಡುತ್ತಿತ್ತು. ಒಂದು ಕ್ಷಣ, ಒಂದೇ ಒಂದು ಕ್ಷಣ, ದಿನಾ ಗೇಟು ತೆಗೆಯುವ ಆಯಮ್ಮ ಇನ್ನೇನು ಬರುವ ಹೊತ್ತಾಯಿತಲ್ಲ ಎಂಬ ಯೋಚನೆ ಅವರ ತಲೆಯಲ್ಲಿ ಹಾದುಹೋಯಿತು. ಆ ಯೋಚನೆಗೆ ತಮಗೇ ನಾಚಿಕೆಯಾಗಿ, ಓದುತ್ತಿದ್ದ ಪುಟದಲ್ಲಿ ಬೆರಳಿಟ್ಟುಕೊಂಡೇ, ಹವಾಯಿ ಚಪ್ಪಲಿಯನ್ನು ಪಟಪಟ ಬಡಿಯುತ್ತ ಅಂಗಳಕ್ಕೆ ಓಡಿದರು.

"ದೆವ್ವ ಬಂತು!" ಎಂದು ಮಕ್ಕಳು ಚಪ್ಪಾಳೆ ತಟ್ಟಿದರು.

"ಅಯ್ಯೋ, ಹೆಡ್ ಮಿಸ್ ಕಣ್ರೋ!" ಎಂದು ಯಾರೋ ಅಂದ ಮೇಲೆ ಚಪ್ಪಾಳೆ ನಿಂತಿತು. ದೆವ್ವಕ್ಕೆ ಹೆದರದ ಮಕ್ಕಳು ಎರಡು ಹೆಜ್ಜೆ ಹಿಂದೆ ಸರಿದರು.

"ಗುಬ್ಬೀ, ನೋಯ್ತಿದೆಯಾ ಮಗಳೇ?"

"ಕಿವಿ ಮಾತ್ರ ಮಿಸ್. ನೀವು ಯಾಕೆ ಟಣ್ ಅನ್ಲಿಲ್ಲ?"

ಹೆಡ್ ಮೇಡಂ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಗ್ಗಿ ಕಂಬಿಗಳ ಸಂದು ನೋಡಿದರು. ಒಳಗಿನಿಂದ ತಲೆಯನ್ನು ನೂಕಬೇಕು, ಹೊರಗಿನಿಂದ ಯಾರಾದರೂ ಭುಜ ಹಿಡಿಯಬೇಕು. ಹೊರಗೆ ದೊಡ್ಡವರು ಯಾರಿದ್ದಾರೆ? ಬೇಗ ಬರಬೇಡಿ ಎಂದು ಮೂರು ಸುತ್ತೋಲೆ ಬರೆದವರು ತಾವೇ ಅಲ್ಲವೇ. ಅಷ್ಟರಲ್ಲಿ ಮಗನ ಊಟದ ಡಬ್ಬಿ ತನ್ನ ಚೀಲದಲ್ಲೇ ಉಳಿದದ್ದು ನೆನಪಾಗಿ ನರ್ಸಮ್ಮ ಏದುಸಿರು ಬಿಡುತ್ತ ವಾಪಸು ಬಂದಳು. ಬಂದವಳು ಬಾಯಿ ಬಿಟ್ಟುಕೊಂಡು ನಿಂತುಬಿಟ್ಟಳು.

"ಬಾಯಿ ಮುಚ್ಚಿ ಭುಜ ಹಿಡ್ಕೊಳ್ಳಿ!" ಎಂದರು ಹೆಡ್ ಮೇಡಂ. "ಯಾರ ಹತ್ರ ಆದ್ರೂ ಎಣ್ಣೆ ಇದೆಯೇನ್ರೋ?"

ಬೇಕರಿಯವನ ಮಗ ಡಬ್ಬಿ ತೆಗೆದ. ಬನ್ನಿನ ನಡುವೆ ಹೆಬ್ಬೆರಳು ದಪ್ಪ ಬೆಣ್ಣೆ. ಹೆಡ್ ಮೇಡಂ ಆ ಬೆಣ್ಣೆಯನ್ನು ಬಳಿದು ಗುಬ್ಬಿಯ ಎರಡು ಕಿವಿಗೂ ಕೆನ್ನೆಗೂ ಸವರಿದರು, ಕಿವಿ ಮಡಚಿ ಹಿಡಿದು ಮೆಲ್ಲಗೆ ಓರೆ ಮಾಡಿದರು, ನರ್ಸಮ್ಮ ಆ ಕಡೆಯಿಂದ ಎಳೆದಳು. ತಲೆ ಸರಕ್ಕನೆ ಜಾರಿ ಹೊರಗೆ ಬಂತು. ಗುಬ್ಬಿ ಆಗ ಅತ್ತಳು. ಅಲ್ಲಿಯವರೆಗೆ ತಡೆದಿದ್ದನ್ನೆಲ್ಲ ಸೇರಿಸಿ ಅತ್ತಳು. ನರ್ಸಮ್ಮ ಅವಳನ್ನು ತಬ್ಬಿಕೊಂಡು, ಬೆಣ್ಣೆಯೆಲ್ಲ ಬಿಳಿ ಸಮವಸ್ತ್ರಕ್ಕೆ ಮೆತ್ತಿಕೊಂಡಳು.

"ಮೇಡಂ, ನೀವು ಯಾವಾಗ ಬಂದ್ರಿ?"

"ಈಗ... ಈಗಷ್ಟೇ."

"ಇಲ್ಲ ಆಂಟಿ," ಎಂದಳು ಗುಬ್ಬಿ ಬಿಕ್ಕುತ್ತಲೇ. "ಇವರು ದಿನಾ ಇರ್ತಾರೆ. ಇವರೇ ದೆವ್ವ."

ನರ್ಸಮ್ಮ ಹವಾಯಿ ಚಪ್ಪಲಿಯನ್ನು ನೋಡಿದಳು, ಕಂಕುಳಲ್ಲಿದ್ದ ಪುಸ್ತಕವನ್ನು ನೋಡಿದಳು. "ದಿನಾನಾ! ನಾವಿಲ್ಲಿ ಜೀವ ಕೈಲಿ ಹಿಡ್ಕೊಂಡು ಮೂಲೇಲಿ ನಿಂತಿರ್ತೀವಿ, ನೀವು ಒಳಗೆ ತಣ್ಣಗೆ ಕಥೆಪುಸ್ತಕ ಓದ್ತಿದ್ರಾ?"

"ಜೀವ ಕೈಲಿ ಹಿಡ್ಕೊಂಡು ಮಗೂನ ಗೇಟಿಗೆ ನೇತುಹಾಕಿ ಹೋಗಿದ್ರಲ್ಲ, ನೀವೇನು ಕಡಿಮೆ? ಪಕ್ಕದಲ್ಲೇ ನಿಂತು ಮಗನ್ನ ಇಳಿಸಿದ್ರಿ. ಇವಳ ತಲೆ ಎಲ್ಲಿದೆ ಅಂತ ನೋಡಿದ್ರಾ?"

ನರ್ಸಮ್ಮ ಕರವಸ್ತ್ರ ತೆಗೆದು ಕಂಬಿಗೆ ಮೆತ್ತಿದ್ದ ಬೆಣ್ಣೆ ಒರೆಸತೊಡಗಿದಳು. 

"ಡ್ಯೂಟಿಗೆ ಹೊತ್ತಾಯ್ತು," ಎಂದಳು ನರ್ಸಮ್ಮ ಕೊನೆಗೆ. "ಇದನ್ನ ನಾನು ಯಾರಿಗೂ ಹೇಳಲ್ಲ ಮೇಡಂ."

ಮಧ್ಯಾಹ್ನದ ಹೊತ್ತಿಗೆ ಹೇಳದೆ ಉಳಿದವರು ಯಾರೂ ಇರಲಿಲ್ಲ.

ಆ ಸಂಜೆ ಹೆಡ್ ಮೇಡಂ ನಾಲ್ಕನೇ ಸುತ್ತೋಲೆಗೆ ಹಾಳೆ ಎಳೆದುಕೊಂಡರು. "ಯಾವ ಹಿರಿಯರೂ" ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಇನ್ನೂ ಒಂದು ಗಂಟೆ ಮೊದಲೇ ಬಂದರೆ? ಪೋಷಕರು ಅದಕ್ಕೂ ಮೊದಲು ಬರುತ್ತಾರೆ. ಮನೆಯಲ್ಲೇ ಉಳಿದರೆ? ಮಾರನೇ ದಿನ ಅದನ್ನೂ ಪರೀಕ್ಷೆ ಮಾಡಿ ನೋಡಿದರು. ಬೆಳಗಾಗುವಷ್ಟರಲ್ಲಿ ಅತ್ತೆ, "ಏನೇ, ಕೆಲಸದಿಂದ ತೆಗೆದುಹಾಕಿದ್ರಾ?" ಎಂದು ರೇಡಿಯೋ ಶಬ್ದವನ್ನೂ ಮೀರಿಸಿ ಕೂಗಿದರು. ಗಂಡ ಪೇಪರಿನ ಎರಡನೇ ಪುಟಕ್ಕೆ ಬರುವ ಮೊದಲೇ ಸಕ್ಕರೆ ಡಬ್ಬಿ ಕೇಳಿದರು. ಗೋಡೆಯ ಗಡಿಯಾರ ನೋಡಿದಾಗಲೆಲ್ಲ ಹೆಡ್ ಮೇಡಂಗೆ ಕಾಣುತ್ತಿದ್ದದ್ದು ಗೇಟು. ಈಗ ಗುಬ್ಬಿ ಕೇಳುತ್ತಿರುತ್ತಾಳೆ. ಈಗ ಎರಡನೇ ಸಲ ಕೇಳುತ್ತಿರುತ್ತಾಳೆ. ಅವರು ಅರ್ಧ ಕುಡಿದ ಟೀ ಬಿಟ್ಟು ಎದ್ದರು. ಸ್ಕೂಟರನ್ನು ಹಿಂದಿನ ಓಣಿಗೆ ತಿರುಗಿಸದೆ ಸೀದಾ ಮುಂದಿನ ಗೇಟಿಗೇ ತಂದು ನಿಲ್ಲಿಸಿದರು.

ಔಷಧದಂಗಡಿಯ ಮೂಲೆಯಿಂದ ಎಲ್ಲರೂ ಹಲ್ಲು ಕಿರಿಯುತ್ತ ಹೊರಗೆ ಬಂದರು. ಹೊಸಬರೂ ಇದ್ದರು. ಇಲ್ಲಿಯವರೆಗೆ ಬೆಲ್ಲಿಗೆ ಸರಿಯಾಗಿ ಬರುತ್ತಿದ್ದ ಸಭ್ಯರು.

"ನೀವ್ಯಾಕೆ ಇಷ್ಟು ಬೇಗ?"

"ನೀವಿದ್ದೀರಲ್ಲ ಮೇಡಂ!"

ಬೇಕರಿಯವನು ಬಿಸಿ ಬನ್ನಿನ ಪೊಟ್ಟಣ ಕೊಟ್ಟ, ಲಂಚವೋ ಕಾಣಿಕೆಯೋ ಅವನಿಗೇ ಗೊತ್ತಿರಲಿಲ್ಲ. ಟ್ಯಾಕ್ಸಿಯವನು ಮಾತ್ರ ಗಾಡಿ ಆಫ್ ಮಾಡಿ ಇಳಿದು ಬಂದು, ಗೇಟಿನ ಕಂಬಿಯನ್ನು ಒಮ್ಮೆ ಮುಟ್ಟಿ ನೋಡಿದ. "ಮಧ್ಯಾಹ್ನದವರೆಗೂ ನಂಗೆ ಗೊತ್ತೇ ಆಗ್ಲಿಲ್ಲ ಮೇಡಂ. ಹಿಂದೆ ನೋಡಿದ್ರೆ ಹೋಗೋಕಾಗಲ್ಲ ಅಂತ ನೋಡ್ತಿರ್ಲಿಲ್ಲ."  ಹೆಡ್ ಮೇಡಂ ಅವನಿಗೆ ಬೈಯಲೆಂದು ಹಿಂದಿನ ದಿನದಿಂದ ಮಾತು ಕೂಡಿಸಿಟ್ಟಿದ್ದರು. 

"ಹೋಗಪ್ಪ, ನಿನ್ನ ರೈಲು ಹೋಗುತ್ತೆ," ಎಂದು ಬೀಗ ತೆಗೆದರು.

ಅಂಗಳದ ಬೆಂಚಿನ ಮೇಲೆ ಫ್ಲಾಸ್ಕು, ಪುಸ್ತಕ ಇಟ್ಟುಕೊಂಡು ಕೂತು, ಸುತ್ತ ನೆರೆದ ಮಕ್ಕಳಿಗೆ ಕಣ್ಣು ಬಿಟ್ಟರು.

"ಕೇಳಿ ಇಲ್ಲಿ. ಬೆಲ್ ಹೊಡೆಯೋವರೆಗೂ ನಾನು ಹೆಡ್ ಮಿಸ್ ಅಲ್ಲ. ಯಾರೂ ನನ್ನ ಹತ್ರ ಚಾಡಿ ಹೇಳ್ಬಾರ್ದು, ಪೆನ್ಸಿಲ್ ಕೇಳ್ಬಾರ್ದು, ಮಿಸ್ ಅನ್ಬಾರ್ದು. ಓಡಾಡ್ಕೊಂಡು ಆಡಿ."

"ಮತ್ತೆ ಏನಂತ ಕರೀಬೇಕು?"

"ಕರೀಲೇಬಾರ್ದು."

ಗುಬ್ಬಿ ಬೆಂಚಿನ ತುದಿಯಲ್ಲಿ ಕೂತಳು. ಕಾಲು ಆಡಿಸುತ್ತ ಪಿಸುಗುಟ್ಟಿದಳು. "ನಾಳೇನೂ ಬರ್ತೀರಾ?"

"ಬರದೆ ಇನ್ನೆಲ್ಲಿಗೆ ಹೋಗ್ಲಿ? ಸುಮ್ಮನೆ ಕೂತ್ಕೋ."

ಅವರು ಪುಸ್ತಕ ತೆರೆದರು. ಎರಡು ಸಾಲು ಓದುವಷ್ಟರಲ್ಲಿ ಗೇಟಿನ ಮುಂದೆ ಒಂದು ದೊಡ್ಡ ಕಾರು ಬಂದು ನಿಂತಿತು. ಹಿಂಬಾಗಿಲು ತೆರೆಯಿತು, ಒಬ್ಬ ಹುಡುಗ ಇಳಿದ, ಬಾಗಿಲು ಮುಚ್ಚಿತು, ಕಾರು ಹೋಯಿತು. ಹುಡುಗ ಚೀಲ ಸರಿಮಾಡಿಕೊಂಡು, ಗೇಟು ದಾಟಿ ಒಳಗೆ ಬಂದು, ಬೆಂಚಿನ ಮುಂದೆ ನಿಂತು, "ನಮಸ್ತೆ, ಬೆಳಿಗ್ಗೆ ಇಲ್ಲಿ ದೊಡ್ಡವರು ಇರ್ತಾರೆ ಅಂದ್ರು ಅಪ್ಪ" ಎಂದ. ಮಕ್ಕಳೆಲ್ಲ ಆಟ ನಿಲ್ಲಿಸಿ ಅವನನ್ನೇ ನೋಡಿದರು. ಅವನ ಸಮವಸ್ತ್ರ ಬೇರೆ ಬಣ್ಣದ್ದು, ಎದೆಯ ಮೇಲೆ ಬೇರೆ ಯಾವುದೋ ಶಾಲೆಯ ಹೆಸರು.